ಅಜ್ಜಿಗೆ 90 ದಿನ, ಅಪ್ಪನಿಗೆ 2 ತಿಂಗಳು: ಜರ್ಮನಿಯಲ್ಲಿ ಬಾಣಂತನದ ಲೆಕ್ಕ

ನಮ್ಮಲ್ಲಿ ಮಗುವಾಗುವ ಸುದ್ದಿ ಬಂದರೆ ಸಂತೋಷದ ಬೆನ್ನಿಗೇ ಬರುವ ಮಾತು, "ಬಾಣಂತನಕ್ಕೆ ಯಾರು?" ಜರ್ಮನಿಯಲ್ಲಿ ಕೂತು ಈ ಮಾತು ಎತ್ತಿದರೆ ಕ್ಯಾಲೆಂಡರ್ ಹಿಡಿದುಕೊಂಡೇ ಕೂರಬೇಕು. ಶೆಂಗೆನ್ (ಜರ್ಮನಿಯೂ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ) ವಿಸಿಟರ್ ವೀಸಾದಲ್ಲಿ ಅಮ್ಮನಿಗೋ ಅತ್ತೆಗೋ ಸಿಗುವುದು 180 ದಿನದಲ್ಲಿ 90 ದಿನ. ಎರಡು ವಾರ ಮೊದಲೇ ಬಂದು, ಹೆರಿಗೆ ಒಂದು ವಾರ ತಡವಾಯಿತು ಅನ್ನಿ, ಮೂರು ವಾರ ಅಲ್ಲೇ ಖರ್ಚು.

ಇಲ್ಲಿಯ ಕಾನೂನಿನ ಕಣ್ಣಿಗೆ ಕುಟುಂಬ ಅಂದರೆ ಅಪ್ಪ, ಅಮ್ಮ, ಮಕ್ಕಳು. ಅಜ್ಜಿ ಬಂದು ಹೋಗುವ ಅತಿಥಿ. ಅಜ್ಜಿ ಮಾಡುವ ಕೆಲಸದಲ್ಲಿ ಸ್ವಲ್ಪವನ್ನು ಸರ್ಕಾರ ಸೂಲಗಿತ್ತಿಗೆ ಕೊಟ್ಟಿದೆ, ಉಳಿದದ್ದನ್ನು ಅಪ್ಪನ ತಲೆಗೆ ಕಟ್ಟಿದೆ.

ಸೂಲಗಿತ್ತಿಗೆ ಇಲ್ಲಿ ಹೆಬಾಮೆ ಅನ್ನುತ್ತಾರೆ. ಹೆರಿಗೆಯಾದ ಮೇಲೆ ಮೊದಲ 10 ದಿನ ಬೇಕಾದರೆ ದಿನಾ ಮನೆಗೆ ಬರುತ್ತಾರೆ. ಆಮೇಲೆ ಮಗುವಿಗೆ 12 ವಾರ ಆಗುವವರೆಗೂ ಆಗಾಗ ಬರುತ್ತಾರೆ. ಹೊಲಿಗೆ ನೋಡುತ್ತಾರೆ, ಮಗುವನ್ನು ತೂಗುತ್ತಾರೆ, ಹಾಲು ಕುಡಿಸುವುದನ್ನು ಹೇಳಿಕೊಡುತ್ತಾರೆ. ಸರ್ಕಾರಿ ವಿಮೆ ಇದ್ದರೆ ನಿಮಗೆ ಒಂದು ಸೆಂಟೂ ಖರ್ಚಿಲ್ಲ. ಆದರೆ ದೊಡ್ಡ ಊರುಗಳಲ್ಲಿ ಸಿಗುವುದು ಕಷ್ಟ. ಬಸುರಿಗೆ ಎರಡು ತಿಂಗಳು ತುಂಬುವ ಹೊತ್ತಿಗೇ ಹುಡುಕಲು ಶುರು ಮಾಡಿ. ನಮ್ಮ ಮನೆಗೆ ಬಂದಾಕೆ "ಮಗುವಿಗೆ ವಾರಕ್ಕೆ ಎರಡು ಸ್ನಾನ ಸಾಕು" ಅಂದರು. ಎಣ್ಣೆ ಬಿಸಿ ಮಾಡುತ್ತಿದ್ದ ಅಮ್ಮನಿಗೆ ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಕೆಲಸದಲ್ಲಿರುವ ತಾಯಿಗೆ ಹೆರಿಗೆಗೆ ಮೊದಲು 6 ವಾರ, ಆಮೇಲೆ 8 ವಾರ ರಜೆ. ಇದೇ ಮುಟರ್‌ಶುಟ್ಸ್. ಅವಳಿ ಮಕ್ಕಳಾದರೆ ಅಥವಾ ದಿನ ತುಂಬುವ ಮೊದಲೇ ಹುಟ್ಟಿದರೆ, ಹೆರಿಗೆಯ ನಂತರದ್ದು 12 ವಾರ. ಮೊದಲ 6 ವಾರ ಇಷ್ಟವಿದ್ದರೆ ದುಡಿಯಬಹುದು. ನಂತರದ 8 ವಾರ ಆಕೆಯೇ ಬಯಸಿದರೂ ಕಂಪನಿ ಕೆಲಸ ಕೊಡುವಂತಿಲ್ಲ. ಕೈಗೆ ಬರುತ್ತಿದ್ದ ಸಂಬಳ ಅಷ್ಟೇ ಬರುತ್ತದೆ. ಸ್ವಲ್ಪ ವಿಮೆಯಿಂದ, ಉಳಿದದ್ದು ಕಂಪನಿಯಿಂದ.

ತಲೆ ಕೆಡುವುದು ಎಲ್ಟರ್ನ್‌ಗೆಲ್ಡ್ ಹತ್ತಿರ. ಮಗು ನೋಡಿಕೊಳ್ಳಲು ಮನೆಯಲ್ಲಿ ಉಳಿದವರಿಗೆ ಸರ್ಕಾರ ಕೊಡುವ ಹಣ ಇದು. 2007ರಲ್ಲಿ ಶುರುವಾಯಿತು. ಮೊದಲು ಕೈಗೆ ಬರುತ್ತಿದ್ದ ಸಂಬಳದ ಸುಮಾರು ಶೇ. 65. ತಿಂಗಳಿಗೆ ಕನಿಷ್ಠ 300, ಗರಿಷ್ಠ 1,800 ಯೂರೋ. ಒಬ್ಬರಿಗೆ ಹೆಚ್ಚೆಂದರೆ 12 ತಿಂಗಳು. ಇಬ್ಬರೂ ಹಂಚಿಕೊಂಡರೆ ಮಾತ್ರ 14. ಆ ಎರಡು ತಿಂಗಳನ್ನು ಅಪ್ಪ ತೆಗೆದುಕೊಳ್ಳದಿದ್ದರೆ ಅವು ಹೋದ ಹಾಗೆಯೇ. ಬೇಕೆಂದೇ ಹೀಗೆ ಮಾಡಿದ್ದಾರೆ. ಭಾರತದಲ್ಲಿ 2017ರಲ್ಲಿ ತಾಯಿಯ ರಜೆ 26 ವಾರಕ್ಕೆ ಏರಿತು. ಅದೇ ಕಾನೂನಿನಲ್ಲಿ ಅಪ್ಪನಿಗೆ ಒಂದು ದಿನವೂ ಇಲ್ಲ. ಅಲ್ಲಿ ಅಜ್ಜಿ ಇದ್ದೇ ಇರುತ್ತಾಳೆ ಅಂತ ಇರಬೇಕು!

ಈಗ ನಮ್ಮವರು ಎಡವುವ ಜಾಗಗಳು. ಹೆರಿಗೆಯ ನಂತರದ ಮುಟರ್‌ಶುಟ್ಸ್ ಹಣವನ್ನು ತಾಯಿಯ ಎಲ್ಟರ್ನ್‌ಗೆಲ್ಡ್‌ನಲ್ಲೇ ಹಿಡಿಯುತ್ತಾರೆ. ಹಾಗಾಗಿ ಕೆಲಸದಲ್ಲಿದ್ದ ತಾಯಿಯ 12 ತಿಂಗಳು ನಿಜದಲ್ಲಿ 10 ತಿಂಗಳ ಹಣ. ಬೆಂಗಳೂರಿನಲ್ಲಿ ಪಡೆದ ಸಂಬಳ ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕ ಹಿಂದಿನ 12 ತಿಂಗಳ ಸಂಬಳದ್ದು, ಜರ್ಮನಿಗೆ ಬಂದು ಆರು ತಿಂಗಳಾಗಿದ್ದರೆ ಉಳಿದ ಆರು ತಿಂಗಳು ಸೊನ್ನೆ ಅಂತಲೇ ಸರಾಸರಿ ತೆಗೆಯುತ್ತಾರೆ. ಟ್ಯಾಕ್ಸ್ ಕ್ಲಾಸ್, ಅಂದರೆ ಸಂಬಳದಲ್ಲಿ ತಿಂಗಳು ತಿಂಗಳು ಎಷ್ಟು ತೆರಿಗೆ ಹಿಡಿಯಬೇಕು ಅಂತ ಹೇಳುವ ನಂಬರು, ಇನ್ನೂ ದೊಡ್ಡ ಗುಂಡಿ. ಗಂಡ 3, ಹೆಂಡತಿ 5 ಅಂತ ಹಾಕಿಸಿಕೊಂಡು ತಿಂಗಳಿಗೆ ನಾಲ್ಕು ಕಾಸು ಜಾಸ್ತಿ ಬಂತು ಅಂತ ಖುಷಿಪಡುತ್ತೇವೆ. ಆದರೆ 5ರಲ್ಲಿ ಹೆಂಡತಿಯ ಕೈಗೆ ಬರುವುದು ಕಡಿಮೆ, ಎಲ್ಟರ್ನ್‌ಗೆಲ್ಡ್ ಅದರ ಮೇಲೆಯೇ ಲೆಕ್ಕ. ಬದಲಿಸುವುದಾದರೆ ಮುಟರ್‌ಶುಟ್ಸ್ ಶುರುವಾಗುವ ತಿಂಗಳಿಗೆ ಕನಿಷ್ಠ 7 ತಿಂಗಳು ಮೊದಲು ಆಗಬೇಕು. ಅಂದರೆ ಊರಿಗೆ ಫೋನ್ ಮಾಡಿ ಸಿಹಿ ಸುದ್ದಿ ಹೇಳುವ ಮೊದಲೇ ಫಿನಾಂಟ್ಸಾಮ್ಟ್‌ಗೆ, ಅಂದರೆ ತೆರಿಗೆ ಕಚೇರಿಗೆ, ಅರ್ಜಿ! ಇಬ್ಬರೂ ಐಟಿಯಲ್ಲಿ ಚೆನ್ನಾಗಿ ದುಡಿಯುವವರಾದರೆ ಇನ್ನೊಂದು ಮಾತು. 2025ರ ಏಪ್ರಿಲ್ 1 ಅಥವಾ ಆಮೇಲೆ ಹುಟ್ಟಿದ ಮಗುವಿಗೆ, ದಂಪತಿಯ ತೆರಿಗೆ ಕಟ್ಟುವ ವರಮಾನ ವರ್ಷಕ್ಕೆ 1,75,000 ಯೂರೋ ದಾಟಿದ್ದರೆ ಏನೂ ಸಿಗುವುದಿಲ್ಲ.

ಈಗ ಅಪ್ಪಂದಿರ ಸರದಿ. ಮಗು ನೋಡಿಕೊಳ್ಳಲು ಹಾಕುವ ರಜೆಗೆ ಎಲ್ಟರ್ನ್‌ಟ್ಸೈಟ್ ಅಂತ ಹೆಸರು. ಮಗುವಿಗೆ 3 ವರ್ಷವಾಗುವವರೆಗೆ ಇದು ಹಕ್ಕು, ಮ್ಯಾನೇಜರ್ ಕೊಡುವ ದಾನ ಅಲ್ಲ. ರಜೆ ಶುರುವಾಗುವ 7 ವಾರ ಮೊದಲು ತಿಳಿಸಬೇಕು. 2025ರ ಮೇ 1ರಿಂದ ಹುಟ್ಟಿದ ಮಕ್ಕಳಿಗಾದರೆ ಇಮೇಲ್ ಸಾಕು. ಆದರೆ ಕೆಲಸದಿಂದ ತೆಗೆಯಬಾರದು ಅನ್ನುವ ರಕ್ಷಣೆ ಶುರುವಾಗುವುದು ರಜೆಗೆ 8 ವಾರ ಮುಂಚಿನಿಂದ. ಅದಕ್ಕೇ 8 ಮತ್ತು 7ನೇ ವಾರದ ನಡುವೆ ಬರೆದು ಕಳಿಸುವುದು ಜಾಣತನ. ಸಂಕೋಚಕ್ಕೆ ಆರು ತಿಂಗಳು ಮೊದಲೇ ಹೇಳಿಬಿಡುವವರು ನಮ್ಮಲ್ಲೇ ಜಾಸ್ತಿ.

ಯಾವ ತಿಂಗಳು ತೆಗೆದುಕೊಳ್ಳಬೇಕು? ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಪೂರ್ತಿ ಎಲ್ಟರ್ನ್‌ಗೆಲ್ಡ್ ಪಡೆಯುವುದು ಈಗ ಸಾಮಾನ್ಯವಾಗಿ ಒಂದೇ ತಿಂಗಳು, ಅದೂ ಮೊದಲ 12 ತಿಂಗಳೊಳಗೆ. ಅಪ್ಪನ ಎರಡೂ ತಿಂಗಳಲ್ಲಿ ಊರಿಗೆ ಹೋಗಿ ಬರುವ ಹಳೆಯ ಅಭ್ಯಾಸಕ್ಕೆ 2024ರ ಏಪ್ರಿಲ್‌ನಿಂದ ಕತ್ತರಿ ಬಿದ್ದಿದೆ. ನನ್ನ ಸಲಹೆ: ಒಂದು ತಿಂಗಳು ಹುಟ್ಟಿದ ಕೂಡಲೇ, ಇನ್ನೊಂದು 13ನೇ ತಿಂಗಳು. ಇಲ್ಲಿ ತಿಂಗಳು ಅಂದರೆ ಮಗುವಿನ ತಿಂಗಳು. ಮಗು 12ನೇ ತಾರೀಖು ಹುಟ್ಟಿದರೆ ತಿಂಗಳು 12ರಿಂದ ಮುಂದಿನ 11ರವರೆಗೆ. 1ರಿಂದ 30ರವರೆಗೆ ರಜೆ ಹಾಕಿದರೆ ಎರಡೂ ತಿಂಗಳಲ್ಲಿ ಸಂಬಳ ಸೇರಿಕೊಂಡು ಲೆಕ್ಕ ಕೆಡುತ್ತದೆ. ನಾನು ಈ ತಪ್ಪನ್ನು ಮಾಡಿ ಕಲಿತೆ.

13ನೇ ತಿಂಗಳು ಯಾಕೆ? ಒಂದು ವರ್ಷ ತುಂಬಿದ ಮಗುವಿಗೆ ಕೀಟಾದಲ್ಲಿ, ಅಂದರೆ ಶಿಶುವಿಹಾರದಲ್ಲಿ, ಜಾಗ ಕೊಡಲೇಬೇಕು. 2013ರ ಆಗಸ್ಟ್‌ನಿಂದ ಅದು ಕಾನೂನು. ಜಾಗ ಸಿಗುವುದು ಬೇರೆ ಮಾತು, ಹೊಟ್ಟೆಯಲ್ಲಿದ್ದಾಗಲೇ ಹೆಸರು ಬರೆಸುವವರಿದ್ದಾರೆ. ಸಿಕ್ಕ ಮೇಲೂ ಮಗುವನ್ನು ಬಾಗಿಲಲ್ಲಿ ಬಿಟ್ಟು ಬರುವ ಹಾಗಿಲ್ಲ. ಕೆಲವು ವಾರ ಅಪ್ಪನೋ ಅಮ್ಮನೋ ಜೊತೆಗೆ ಕೂರಬೇಕು. ಮೊದಲು ಒಂದು ಗಂಟೆ, ಆಮೇಲೆ ಹತ್ತು ನಿಮಿಷ ಹೊರಗೆ, ಹೀಗೆ. ಪುಟ್ಟ ಕುರ್ಚಿಯ ಮೇಲೆ ಸುಮ್ನೆ ಕೂತಿರುವುದೇ ಕೆಲಸ. ಅಮ್ಮ ಆಫೀಸಿಗೆ ವಾಪಸ್ ಹೋಗುವ ಹೊತ್ತೂ ಅದೇ ಅಲ್ವಾ?

ಕಿಂಡರ್‌ಗೆಲ್ಡ್, ಅಂದರೆ ಮಗುವಿಗಾಗಿ ಸರ್ಕಾರ ಪ್ರತಿ ತಿಂಗಳು ಕೊಡುವ ಹಣ, ಸುಲಭ. ಮಗುವಿಗೆ ತಿಂಗಳಿಗೆ 255 ಯೂರೋ ಅಂತ 2025ರಲ್ಲಿ ಇತ್ತು, 2026ರಿಂದ 259. ಹಳೇ ಬಾಕಿ 6 ತಿಂಗಳದ್ದು ಮಾತ್ರ ಸಿಗುತ್ತದೆ, ಎಲ್ಟರ್ನ್‌ಗೆಲ್ಡ್‌ನದ್ದು ಬರೀ 3 ತಿಂಗಳದ್ದು. ಎಲ್ಟರ್ನ್‌ಗೆಲ್ಡ್‌ಗೆ ಜನನ ಪತ್ರ ಬೇಕು. ಅಲ್ಲೇ ನಮ್ಮ ಇನಿಷಿಯಲ್ ಕಾಡುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇರುವವರು, ಅಪ್ಪನಿಗೊಂದು ಅಮ್ಮನಿಗೊಂದು ಬಗೆಯ ಹೆಸರಿರುವವರು, ಏಳನೇ ತಿಂಗಳಲ್ಲೇ ಶ್ಟಾಂಡೆಸಾಮ್ಟ್‌ಗೆ (ಜನನ ನೋಂದಣಿ ಕಚೇರಿಗೆ) ಹೋಗಿ ಏನೇನು ಕಾಗದ ಬೇಕು ಅಂತ ಕೇಳಿ ಬನ್ನಿ.

ಇನ್ನು ಅಜ್ಜಿ. ಬ್ಲೂ ಕಾರ್ಡ್‌ನಂಥ ಕೆಲಸದ ಪರವಾನಗಿ 2024ರ ಮಾರ್ಚ್ 1 ಅಥವಾ ಆಮೇಲೆ ಮೊದಲ ಸಲ ಸಿಕ್ಕಿದ್ದರೆ ಅಪ್ಪ ಅಮ್ಮನನ್ನು ಇಲ್ಲಿಗೇ ಕರೆಸಿಕೊಳ್ಳುವ ದಾರಿ ಈಗ ಇದೆ. ಆದರೆ ಅವರಿಗೆ ಪೂರ್ತಿ ಆರೋಗ್ಯ ವಿಮೆ ಇರಬೇಕು. ಹೆಂಡತಿ ಮಕ್ಕಳ ಹಾಗೆ ನಿಮ್ಮ ಸರ್ಕಾರಿ ವಿಮೆಯಲ್ಲಿ ಅವರು ಬಿಟ್ಟಿಯಾಗಿ ಸೇರುವುದಿಲ್ಲ. ವಯಸ್ಸಾದವರಿಗೆ ಖಾಸಗಿ ವಿಮೆ ಹುಡುಕುವುದೇ ದೊಡ್ಡ ಸಾಹಸ. ಹೆಚ್ಚಿನವರಿಗೆ ಕೊನೆಗೆ ಉಳಿಯುವುದು ಆ 90 ದಿನವೇ. ಅವನ್ನು ಹೆರಿಗೆಗೇ ಸುರಿಯಬೇಡಿ. ಮೊದಲ ತಿಂಗಳು ಹೆಬಾಮೆಯೂ ಅಪ್ಪನೂ ನೋಡಿಕೊಳ್ಳಲಿ. ಅವನ ರಜೆ ಮುಗಿಯುವ ದಿನಕ್ಕೆ ಅಜ್ಜಿಯ ಟಿಕೆಟ್ ಮಾಡಿಸಿ.