ಮರ ಲೋಳೆಸರ: ಗುಂಡಿ ಬೇಡ, ದಿಬ್ಬ ಕಟ್ಟಿ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಭಾವನ ಮನೆ. ಜೂನ್ ಮೊದಲ ವಾರ ಅಂಗಳದ ಬದಿಯಲ್ಲಿ ಮೂರಡಿಯ ಮರ ಲೋಳೆಸರ ನೆಟ್ಟರು. ಆಟಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮುಗಿಯುವ ಮೊದಲೇ ಗಿಡ ವಾಲಿತು. ಬುಡ ಒತ್ತಿ ನೋಡಿದರೆ ಕೊಳೆತ ಬಾಳೆಹಣ್ಣಿಗೆ ಹೋದ ಹಾಗೆ ಬೆರಳು ಒಳಗೆ ಹೋಯಿತು. ತೆಂಗಿನ ಸಸಿಗೆ ಮಾಡುವಂತೆ ಮುರಕಲ್ಲಿನಲ್ಲಿ (ಕೆಂಪು ಜಂಬಿಟ್ಟಿಗೆ ಕಲ್ಲು) ಮೂರಡಿ ಗುಂಡಿ ತೋಡಿ, ಸುಡುಮಣ್ಣು, ಹಟ್ಟಿಗೊಬ್ಬರ ತುಂಬಿ ನೆಟ್ಟಿದ್ದರು. ಆಮೇಲೆ ಇನ್ನೂ ಮೂರು ಮನೆಗಳಲ್ಲಿ ಇದೇ ಕತೆ ನೋಡಿದೆ. ಅದಕ್ಕೇ ಇಷ್ಟು ಬರೆಯುತ್ತಿರುವುದು.

1. ಗಿಡ ತರುವುದು

ಕೇಳಬೇಕಾದ ಹೆಸರು ಅಲೊಯ್‌ಡೆಂಡ್ರಾನ್ ಬಾರ್ಬರೆ. ಮೊದಲು ಇದೂ ಅಲೊ ಕುಲದಲ್ಲೇ ಇತ್ತು, 2013ರಲ್ಲಿ ಬೇರೆ ಮಾಡಿದರು. ಚೀಟಿಯಲ್ಲಿ ಹಳೆ ಹೆಸರಿದ್ದರೆ ಗಾಬರಿ ಬೇಡ. ತವರು ದಕ್ಷಿಣ ಆಫ್ರಿಕದ ಪೂರ್ವ ಭಾಗ ಮತ್ತು ಮೊಜಾಂಬಿಕ್. ಅಲ್ಲಿ 18 ಮೀಟರ್‌ವರೆಗೂ ಬೆಳೆಯುತ್ತದೆ. ನಮ್ಮ ಲೋಳೆಸರದ ನೆಂಟ ಹೌದು, ಆದರೆ ಎಲೆ ಮುರಿದು ಮುಖಕ್ಕೆ ಹಚ್ಚಬೇಡಿ.

ಫೋಟೊಗಳಲ್ಲಿ ಹೊನ್ನಿನ ಬಣ್ಣದ ತೊಗಟೆಯ ಇನ್ನೊಂದು ಮರ ಕಾಣುತ್ತದಲ್ವಾ, ಅದು ಇದೇ ಕುಲದ ಅಲೊಯ್‌ಡೆಂಡ್ರಾನ್ ಡೈಕಾಟಮಮ್. ಆಫ್ರಿಕದ ದಕ್ಷಿಣ ಭಾಗದ ಸ್ಯಾನ್ ಜನಾಂಗದ ಬೇಟೆಗಾರರು ಅದರ ಕೊಂಬೆ ಕೊರೆದು ಬತ್ತಳಿಕೆ ಮಾಡುತ್ತಿದ್ದರು. ನಮೀಬಿಯಾದ ಒಣ ನೆಲದ ಗಿಡ ಅದು. ವರ್ಷಕ್ಕೆ 3,000 ಮಿ.ಮೀ. ಮೇಲೆ ಮಳೆ ಸುರಿಯುವ ನಮ್ಮಲ್ಲಿ ಅದಕ್ಕೆ ದುಡ್ಡು ಹಾಕಬೇಡಿ. ಯುಕ್ಕಾ ಗಿಡವನ್ನೇ ಮರ ಲೋಳೆಸರ ಅಂತ ಕೊಡುವವರೂ ಇದ್ದಾರೆ. ಎಲೆ ಹಿಸುಕಿ ನೋಡಿ. ದಪ್ಪಗಿದ್ದು, ದೋಣಿಯ ಹಾಗೆ ಬಾಗಿ, ಅಂಚಲ್ಲಿ ಸಣ್ಣ ಹಲ್ಲು ಇರಬೇಕು.

2. ಜಾಗ

ಬಿಸಿಲು ಬೇಕು, ಗೋಡೆಯಿಂದ 15 ಅಡಿ ದೂರ ಬೇಕು. ತೆಂಗಿನ ಅಡಿ ಮಾತ್ರ ಬೇಡ, ಒಂದು ಮಡಲು ಬಿದ್ದರೆ ಗಿಡದ ತಲೆ ಮುರಿಯುತ್ತದೆ.

3. ದಿಬ್ಬ

ಎಲ್ಲರೂ ಎಡವುವುದು ಇಲ್ಲಿ. ಗಟ್ಟಿ ಮುರಕಲ್ಲಿನಲ್ಲಿ ತೋಡಿದ ಗುಂಡಿ ಅಂದರೆ ಕಲ್ಲಿನ ಮರಿಗೆ. ಸುತ್ತಲಿನ ನೀರೆಲ್ಲ ಒಳಗೆ ಒಸರಿ ಬರುತ್ತದೆ, ಹೊರಗೆ ಹೋಗುವುದಿಲ್ಲ. ತೆಂಗು ತಡೆದುಕೊಳ್ಳುತ್ತದೆ, ಇದು ತಡೆಯುವುದಿಲ್ಲ.

ಆದ್ದರಿಂದ ನೆಲವನ್ನು ಪಿಕ್ಕಾಸಿನಿಂದ ಅರ್ಧ ಅಡಿ ಸಡಿಲಿಸಿ, ಅಷ್ಟೇ. ನೀರು ಹರಿದು ಹೋಗುವ ಕಡೆಗೆ ಸ್ವಲ್ಪ ಇಳಿಜಾರು ಕೊಡಿ. ಅದರ ಮೇಲೆ ಐದಡಿ ಅಗಲಕ್ಕೆ ಮುರಕಲ್ಲನ್ನು ಉರುಟಾಗಿ ಇಡಿ. ಸಿಮೆಂಟ್ ಹಾಕಬೇಡಿ, ಸಂದಿಯಲ್ಲಿ ನೀರು ಇಳಿಯಬೇಕು. ಒಳಗೆ ಎರಡಡಿ ಎತ್ತರಕ್ಕೆ ಮಣ್ಣು: ಎರಡು ಪಾಲು ಹೊಯ್ಗೆ (ಮರಳು), ಒಂದು ಪಾಲು ಮುರಕಲ್ಲಿನ ಚೂರು, ಒಂದು ಪಾಲು ತೋಟದ ಮಣ್ಣು. ಹಳೇ ಗೊಬ್ಬರ ಎರಡು ಬೊಗಸೆ ಸಾಕು. ಕಡಲ ಬದಿಯ ಹೊಯ್ಗೆ ಬೇಡ, ಉಪ್ಪು. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ಧೂಳು ಹೋಗುವಷ್ಟು ತೊಳೆಯಿರಿ. ಕೋಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕಲು ಹೇಳುವವರ ಮಾತು ಕೇಳಲೇಬೇಡಿ. ಮಳೆಗಾಲದಲ್ಲಿ ಅದು ಹಿಂಡದ ಒದ್ದೆ ಬಟ್ಟೆ.

ಮಿಶ್ರಣ ಸರಿ ಇದೆಯಾ ನೋಡಲು ಒಂದು ಹಿಡಿ ತೆಗೆದು ನೆನೆಸಿ, ಗಟ್ಟಿಯಾಗಿ ಅಮುಕಿ, ಕೈ ಬಿಡಿಸಿ. ಉದುರಿದರೆ ಸರಿ. ಕೊಟ್ಟೆ ಬಿಚ್ಚಿದ ಕಡುಬಿನ ಹಾಗೆ ಆಕಾರ ಹಿಡಿದು ಕೂತರೆ ಇನ್ನೂ ಹೊಯ್ಗೆ ಸೇರಿಸಿ. ದಿಬ್ಬದ ನಡು ಉಬ್ಬಿರಲಿ. ಕಾಲಿನಿಂದ ಮೆಟ್ಟಬೇಡಿ.

4. ನೆಡುವುದು

ಡಿಸೆಂಬರ್‌ನಲ್ಲಿ ನೆಡಿ, ಜೂನ್‌ನಲ್ಲಿ ಅಲ್ಲ. ಮಳೆ ಬರುವಷ್ಟರಲ್ಲಿ ಬೇರು ಹಿಡಿದಿರಬೇಕು. ನರ್ಸರಿಯ ಜಿಗುಟು ಕೆಮ್ಮಣ್ಣು ಪೂರ್ತಿ ಉದುರಿಸಿ, ಕಪ್ಪಾದ ಬೇರು ಕತ್ತರಿಸಿ, ನಾಲ್ಕು ದಿನ ನೆರಳಲ್ಲಿಡಿ. ನರ್ಸರಿಯ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಎಷ್ಟು ಆಳ ಇತ್ತೋ ಅಷ್ಟೇ ಹೂಳಿ. ಮೊದಲ ನೀರು ಒಂದು ವಾರ ಬಿಟ್ಟು. ಆಮೇಲೆ ಮೇ ತನಕ ಹತ್ತು ದಿನಕ್ಕೊಮ್ಮೆ.

ಮೊದಲ ಮಳೆಗಾಲ ನಾಲ್ಕು ಕೋಲು ನೆಟ್ಟು ಮೇಲೊಂದು ಶೀಟು ಕಟ್ಟಬಹುದು. ಗಿಡಕ್ಕೇ ಪ್ಲಾಸ್ಟಿಕ್ ಸುತ್ತಿದರೆ ಒಳಗೆ ಬೆವತು ಕೊಳೆಯುತ್ತದೆ.

5. ಕೊಳೆತರೆ

ಅಡಿಕೆಗೆ ಹೊಡೆದು ಉಳಿದ ಬೋರ್ಡೋವನ್ನು (ಮೈಲುತುತ್ತು-ಸುಣ್ಣದ ದ್ರಾವಣ) ಭಾವ ಬುಡಕ್ಕೆ ಸುರಿದಿದ್ದರು. ಎಲೆಯೆಲ್ಲ ನೀಲಿ ಆಯಿತು, ಸತ್ತ ಬೇರು ಬದುಕಲಿಲ್ಲ. ಕತ್ತಿಯೇ ಮದ್ದು. ಕೊಳೆತ ಭಾಗದ ಮೇಲಿನಿಂದ ಬಿಲ್ಲೆ ಬಿಲ್ಲೆಯಾಗಿ ಕಡಿಯುತ್ತ ಹೋಗಿ. ಕಡಿದ ಜಾಗದಲ್ಲಿ ಒಂದೂ ಕಂದು ಚುಕ್ಕೆ ಕಾಣದಿದ್ದಾಗ ನಿಲ್ಲಿಸಿ. ಪ್ರತಿ ಸಲ ಕತ್ತಿ ಒರೆಸಿ. ಉಳಿದ ತಲೆಯನ್ನು ಗಾಳಿಯಾಡುವ ನೆರಳಲ್ಲಿ ಮೂರು ವಾರ ಒಣಗಿಸಿ, ಒಣ ಹೊಯ್ಗೆಯಲ್ಲಿ ನಿಲ್ಲಿಸಿ. ದಪ್ಪ ಕೊಂಬೆಯೂ ಹೀಗೇ ಬೇರು ಬಿಡುತ್ತದೆ.

ಹೂವಿಗೆ ಕಾಯಬೇಡಿ, ಅದು ದೊಡ್ಡ ಮರವಾದ ಮೇಲಿನ ಮಾತು. ನೋಡಬೇಕಾದ್ದು ಕವಲು. ಒಂದು ತಲೆ ಎರಡಾಗಿ, ಆ ಎರಡು ನಾಲ್ಕಾಗಿ, ಬೂದು ಕಾಂಡದ ಮೇಲೆ ಕೊಡೆ ಬಿಚ್ಚುತ್ತದೆ. ಸಂಜೆ ಬಿಸಿಲು ಅಡ್ಡ ಬಿದ್ದಾಗ ಬುಡದಲ್ಲಿ ನಿಂತು ಮೇಲೆ ನೋಡಿ.

ಭಾವನ ಗಿಡದಲ್ಲಿ ಉಳಿದದ್ದು ಒಂದು ಗೇಣು ತಲೆ. ದಿಬ್ಬದ ಮೇಲೆ ಅದು ಈಗ ಭಾವನಿಗಿಂತ ಎತ್ತರ. ಮೊನ್ನೆ ಬೆಳಗ್ಗೆ ಆರಕ್ಕೇ ಫೋನು: "ಎರಡು ತಲೆ ಬಂತು ಮಾರಾಯಾ!"