ಫೈನಲ್ ಫ್ಯಾಂಟಸಿ: ಒಂದರಿಂದ ಆರರವರೆಗೆ ಬಂದ ಕ್ರಮದಲ್ಲೇ ಆಡುವುದು ಹೇಗೆ?

ಫೈನಲ್ ಫ್ಯಾಂಟಸಿ ಎಂಬ ಜಪಾನಿನ ವಿಡಿಯೊ ಗೇಮ್ ಸರಣಿಯ ಮೊದಲ ಆರರಲ್ಲಿ ಒಂದು ಗೇಮ್‌ನ ಕಥೆಗೂ ಇನ್ನೊಂದರ ಕಥೆಗೂ ಸಂಬಂಧವಿಲ್ಲ. ಹಾಗಾದರೆ ಕ್ರಮ ಯಾಕೆ ಬೇಕು? ಕಥೆ ಮುಂದುವರಿಯದಿದ್ದರೂ ಆಟ ಮುಂದುವರಿಯುತ್ತದೆ, ಅದಕ್ಕೆ. ಒಂದರಲ್ಲಿ ಕಾಡಿದ ತೊಡಕಿಗೆ ಮುಂದಿನದರಲ್ಲಿ ಪರಿಹಾರ ಸಿಕ್ಕಾಗ ಆಗುವ ಖುಷಿ ನೇರವಾಗಿ ಆರಕ್ಕೆ ಹಾರಿದವರಿಗೆ ಸಿಗುವುದಿಲ್ಲ.

ಮೊದಲು ನಂಬರಿನ ಗೊಂದಲ ಬಿಡಿಸಿಕೊಳ್ಳೋಣ. ಜಪಾನಿನಲ್ಲಿ ಮೊದಲ ಆರು ಗೇಮ್‌ಗಳು 1987, 1988, 1990, 1991, 1992 ಮತ್ತು 1994ರಲ್ಲಿ ಬಂದವು. ಅಮೆರಿಕಕ್ಕೆ ಆಗ ಎರಡು, ಮೂರು, ಐದನೆಯವು ಹೋಗಲೇ ಇಲ್ಲ. ಹಾಗಾಗಿ ಅಲ್ಲಿ ನಾಲ್ಕನೆಯದಕ್ಕೆ ‘2’ ಎಂದೂ ಆರನೆಯದಕ್ಕೆ ‘3’ ಎಂದೂ ಹೆಸರಿಟ್ಟರು. ಹಳೆಯ ಲೇಖನ, ವಿಡಿಯೊ ನೋಡುವಾಗ ಇದು ನೆನಪಿರಲಿ.

ಹಳೆಯ ಯಂತ್ರ ಹುಡುಕುವ ಅಗತ್ಯವಿಲ್ಲ. 2021–22ರಲ್ಲಿ ಬಂದ ‘ಪಿಕ್ಸೆಲ್ ರೀಮಾಸ್ಟರ್’ ಎಂಬ ಹೊಸದಾಗಿ ತಿದ್ದಿದ ಆವೃತ್ತಿಗಳು ಕಂಪ್ಯೂಟರ್ ಗೇಮ್‌ಗಳ ಅಂಗಡಿ ಸ್ಟೀಮ್‌ನಲ್ಲೂ ಮೊಬೈಲ್‌ನಲ್ಲೂ ಸಿಗುತ್ತವೆ. 2023ರಲ್ಲಿ ಸ್ವಿಚ್, ಪ್ಲೇಸ್ಟೇಷನ್ 4ಕ್ಕೂ ಬಂದವು. ಆರನ್ನೂ ಒಟ್ಟಿಗೆ ಕೊಳ್ಳಬೇಡಿ. ಒಂದನ್ನು ಮುಗಿಸಿ, ಆಮೇಲೆ ಮುಂದಿನದು.

ಮೊದಲನೆಯದರಲ್ಲಿ ಆರು ಬಗೆಯ ಪಾತ್ರಗಳಿಂದ ನಾಲ್ವರನ್ನು ಶುರುವಿನಲ್ಲೇ ಆರಿಸಬೇಕು. ನಡುವೆ ಬದಲಿಸಲು ಬರುವುದಿಲ್ಲ. ಹೊಸಬರಿಗೆ ವಾರಿಯರ್ (ಕತ್ತಿಯ ಯೋಧ), ಮಾಂಕ್ (ಬರಿಗೈಯಲ್ಲಿ ಕಾದುವವ), ವೈಟ್ ಮೇಜ್ (ಗುಣಪಡಿಸುವ ಮಂತ್ರಗಾರ), ಬ್ಲ್ಯಾಕ್ ಮೇಜ್ (ದಾಳಿಯ ಮಂತ್ರಗಾರ) ತಂಡ ಸಾಕು. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಮುಂದೆ ಎಲ್ಲಿಗೆ ಹೋಗಬೇಕು ಎಂಬ ಸುಳಿವು ಊರಿನವರ ಒಂದೆರಡು ಮಾತಿನಲ್ಲೇ ಇರುತ್ತದೆ. ಅದನ್ನು ಸುಮ್ನೆ ದಾಟಿಸಿಬಿಟ್ಟರೆ ಸಮುದ್ರವೆಲ್ಲ ಅಲೆಯಬೇಕಾಗುತ್ತದೆ.

ಜಾಸ್ತಿ ಜನ ಕೈಬಿಡುವುದು ಎರಡನೆಯದನ್ನು. ಕಾಳಗ ಗೆದ್ದಂತೆಲ್ಲ ಪಾತ್ರದ ಮಟ್ಟ ಏರುವ ಲೆವೆಲ್ ಎಂಬುದೇ ಇಲ್ಲಿ ಇಲ್ಲ. ಕತ್ತಿ ಬೀಸಿದರೆ ಕತ್ತಿಯ ಪಳಗು ಹೆಚ್ಚುತ್ತದೆ, ಮಂತ್ರ ಹಾಕಿದರೆ ಆ ಮಂತ್ರ ಬಲವಾಗುತ್ತದೆ. ಅದಕ್ಕೇ ಒಬ್ಬರ ಕೈಗೆ ಒಂದೇ ಬಗೆಯ ಆಯುಧ ಕೊಡಿ, ಬದಲಿಸುತ್ತಾ ಇರಬೇಡಿ. ತೀರಾ ಬೇಸರವಾದರೆ ದಾರಿಯಲ್ಲಿ ಎದುರಾಗುವ ಕಾಳಗಗಳನ್ನು ಸೆಟ್ಟಿಂಗ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಬಹುದು. ಅದರಲ್ಲಿ ತಪ್ಪೇನಿಲ್ಲ. ಆದರೆ ಬಿಟ್ಟು ಮುಂದೆ ಹೋಗಬೇಡಿ. ಹೆಸರು, ಮಾತು, ಸಂಬಂಧ ಇರುವ ನಾಯಕರು ಈ ಸರಣಿಗೆ ಬಂದದ್ದು ಇಲ್ಲೇ. ಎಲ್ಲರೂ ಮೆಚ್ಚುವ ಚೊಕೊಬೊ ಹಕ್ಕಿಯೂ ಅಷ್ಟೇ.

ಇಲ್ಲಿಂದ ಎರಡು ಎಳೆ ಹಿಡಿದು ಆಡಿ. ಒಂದು, ಮೂರು, ಐದನೆಯ ಗೇಮ್‌ಗಳದು ‘ಜಾಬ್’ನ, ಅಂದರೆ ಪಾತ್ರದ ಕಸುಬಿನ ಎಳೆ. ಮೊದಲನೆಯದರಲ್ಲಿ ಗಟ್ಟಿಯಾಗಿ ಕೂತಿದ್ದ ಜಾಬ್ ಮೂರರಲ್ಲಿ ಬೇಕಾದಾಗ ಬದಲಾಗುತ್ತದೆ. ಐದರಲ್ಲಿ ಒಂದು ಜಾಬ್‌ನಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಜೋಡಿಸಬಹುದು. ಕತ್ತಿ ಹಿಡಿದವನ ಕೈಯಲ್ಲೇ ಮಂತ್ರ! ನನಗೆ ಆರರಲ್ಲೂ ತುಂಬಾ ಇಷ್ಟವಾದದ್ದು ಐದೇ.

ಎರಡು, ನಾಲ್ಕು, ಆರನೆಯ ಗೇಮ್‌ಗಳದು ಕಥೆಯ ಎಳೆ. ನಾಲ್ಕನೆಯದರಲ್ಲಿ ತಂಡದಲ್ಲಿ ಯಾರಿರಬೇಕು ಎಂದು ಕಥೆಯೇ ತೀರ್ಮಾನಿಸುತ್ತದೆ. ಇಲ್ಲಿ ಇನ್ನೊಂದು ಬದಲಾವಣೆಯೂ ಇದೆ. ಗೇಮ್ ವಿನ್ಯಾಸಕ ಹಿರೊಯುಕಿ ಇಟೊ ರೂಪಿಸಿದ ಕಾಳಗದ ಪದ್ಧತಿಯಿಂದಾಗಿ ನೀವು ಯೋಚಿಸುತ್ತಾ ಕೂತರೂ ಶತ್ರು ಕಾಯುವುದಿಲ್ಲ. ಗಾಬರಿಯಾದರೆ ಸೆಟ್ಟಿಂಗ್‌ನಲ್ಲಿ ‘ವೇಟ್’ ಆರಿಸಿ.

ಆರನೆಯದರಲ್ಲಿ 14 ಪಾತ್ರಗಳಿವೆ. ಅವಸರ ಮಾಡಬೇಡಿ. ಸುಮಾರು ಅರ್ಧದಲ್ಲಿ ಕಥೆ ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ಅದನ್ನು ಮೊದಲೇ ಎಲ್ಲೂ ಓದಬೇಡಿ. ಅದಕ್ಕೂ ಮುಂಚೆ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ದೃಶ್ಯ ಬರುತ್ತದೆ. ಆರೂ ಗೇಮ್‌ಗಳ ಸಂಗೀತ ನೊಬುವೊ ಉಎಮಾಟ್ಸು ಅವರದು. 1994ರಲ್ಲಿ ಹಾಡುಗಾರರ ದನಿಯನ್ನೂ ಯಂತ್ರದ ಸ್ವರದಲ್ಲೇ ಹೊಮ್ಮಿಸಬೇಕಿತ್ತು. ಹೊಸ ಆವೃತ್ತಿಯಲ್ಲಿ ಗಾಯಕರೇ ಹಾಡಿದ್ದಾರೆ. ಹೆಡ್‌ಫೋನ್ ಹಾಕಿಕೊಳ್ಳಿ. ರಂಗದ ಮೇಲೆ ಮುಂದಿನ ಸಾಲು ಯಾವುದೆಂದು ನೀವೇ ಆರಿಸಬೇಕು. ಹಾಗಾಗಿ ತೆರೆ ಏಳುವ ಮೊದಲು ಆ ಸಾಲುಗಳನ್ನು ಎರಡು ಸಲ ಓದಿಕೊಂಡು, ಗೇಮ್ ಸೇವ್ ಮಾಡಿಟ್ಟುಕೊಳ್ಳಿ.