ಎಕ್ಸ್‌ಪ್ರೆಸ್‌ಕಾರ್ಡ್‌ನಲ್ಲಿ ಹಾರ್ಡ್ ಡಿಸ್ಕ್ ನಡೆಯುತ್ತಿರಲಿಲ್ಲ, ಈಗ ಸರಿಯಾಗಿದೆ

ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ 3.0 ಇಲ್ಲ, ಅದಕ್ಕೇ ಯುಎಸ್‌ಬಿ 3.0 ಪೋರ್ಟ್ ಇರುವ ಎಕ್ಸ್‌ಪ್ರೆಸ್‌ಕಾರ್ಡ್ (ಲ್ಯಾಪ್‌ಟಾಪ್‌ನ ಪಕ್ಕದ ಸ್ಲಾಟ್‌ಗೆ ತೂರಿಸುವ ಕಾರ್ಡ್) ಹಾಕಿದ್ದೆ. ಪೆನ್‌ಡ್ರೈವ್ ಆರಾಮಾಗಿ ನಡೆಯುತ್ತಿತ್ತು. ಪೋರ್ಟಬಲ್ ಹಾರ್ಡ್ ಡಿಸ್ಕ್ ಹಾಕಿದರೆ ಮಾತ್ರ ಟಿಕ್ ಟಿಕ್ ಅಂತ ಸದ್ದು ಮಾಡಿ ಮಾಯ. ಡ್ರೈವರ್ ಮತ್ತೆ ಹಾಕಿದರೂ ಅದೇ ಕಥೆ. ವಿಷಯ ಇಷ್ಟೇ: ಈ ಸ್ಲಾಟ್ ಕೊಡುವುದು 3.3 ಮತ್ತು 1.5 ವೋಲ್ಟ್, ಡಿಸ್ಕ್‌ಗೆ ಬೇಕಿರುವುದು 5 ವೋಲ್ಟ್. ಕಾರ್ಡ್ ಅದನ್ನು ಏರಿಸಿ ಕೊಟ್ಟರೂ ಡಿಸ್ಕ್ ತಿರುಗಲು ಶುರುವಾಗುವಾಗ ಎಳೆಯುವಷ್ಟು ಕರೆಂಟ್ ಸಿಗುತ್ತಿರಲಿಲ್ಲ. ಕಾರ್ಡ್‌ನ ಅಂಚಿನಲ್ಲಿ ಪುಟ್ಟ ಗುಂಡನೆಯ ತೂತು ಇದೆ ಅಲ್ವಾ, ಅದು ಸುಮ್ನೆ ಇಟ್ಟಿದ್ದಲ್ಲ. ಅಲ್ಲಿಗೆ ಲ್ಯಾಪ್‌ಟಾಪ್‌ನ ಇನ್ನೊಂದು ಯುಎಸ್‌ಬಿಯಿಂದ ಪವರ್ ಕೇಬಲ್ ಕೊಟ್ಟೆ, ಡಿಸ್ಕ್ ಮತ್ತೆ ಮಾಯವಾಗಲಿಲ್ಲ. 34 ಮಿ.ಮೀ. ಅಗಲದ ಕಾರ್ಡ್ 54 ಮಿ.ಮೀ. ಅಗಲದ ಸ್ಲಾಟ್‌ನಲ್ಲಿ ಸ್ವಲ್ಪ ಅಲ್ಲಾಡುತ್ತದೆ, ಕೇಬಲ್ ಜೋತುಬಿದ್ದರೆ ಇನ್ನೂ ಜಾಸ್ತಿ. ಕಾರ್ಡ್ ತೆಗೆದಾಗ ಸ್ಲಾಟ್‌ಗೆ ಪ್ಲಾಸ್ಟಿಕ್ ಡಮ್ಮಿ ಹಾಕಿಡಿ, ಧೂಳು ಕಡಿಮೆ ಹೋಗುತ್ತದೆ.